ಕಂಬದೊಳಗಿನ ನೀರು

ಮದುವೆ ಮನೆಗೆ ಹೋದರೆ ನಾನು ಮೊದಲು ನೋಡುವುದು ತಲೆಯ ಮೇಲಿನ ಮಾಡನ್ನು. ಆಮೇಲೆ ಕಂಬ, ಆಮೇಲೆ ಹೊರಗೆ ಹೋಗುವ ಬಾಗಿಲು, ಎಲ್ಲಕ್ಕೂ ಕೊನೆಗೆ ಗಂಡು ಹೆಣ್ಣು. ಊಟದ ಪಂಕ್ತಿಯಲ್ಲಿ ಬಾಗಿಲ ಬದಿಯ ಎಲೆಯೇ ನನಗೆ ಬೇಕು. "ಅಕ್ಷತೆ ಹಾಕಕ್ಕೆ ಬಂದಿದ್ದೀರೋ, ಕಟ್ಟಡ ಪಾಸು ಮಾಡಕ್ಕೆ ಬಂದಿದ್ದೀರೋ?" ಎಂದು ನನ್ನ ಹೆಂಡತಿ ಹತ್ತು ಜನರ ಎದುರಿಗೇ ಕೇಳುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಎಲೆ ಮಾತ್ರ ಬದಲಾಯಿಸುವುದಿಲ್ಲ.

ರೈಲ್ವೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಟ್ಟಡದ ಕೆಲಸ ಮಾಡಿದವನು ನಾನು. ಸೇರಿದ್ದು ವರ್ಕ್ಸ್ ಮಿಸ್ತ್ರಿಯಾಗಿ. ಸ್ಟೇಷನ್ನಿನ ಗೋಡೆ, ಮಾಡು, ಚರಂಡಿ, ಕಕ್ಕಸು ಎಲ್ಲದರ ರಿಪೇರಿ ಮಾಡಿಸುವವನಿಗೆ ಆಗ ಹಾಗೆ ಕರೆಯುತ್ತಿದ್ದರು. ಮುಂದೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಪಿಂಚಣಿ ಕಾಗದದಲ್ಲಿದೆ, ಇಲ್ಲಿ ಬೇಡ. ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ಬಂದು "ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್?" ಎಂದು ಕೇಳಿದರೆ ನಾಲ್ಕು ತಮಾಷೆ ಹೇಳಿ, ಕಾಫಿ ಕೊಟ್ಟು ಕಳಿಸುತ್ತಿದ್ದೆ. ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳಲು ಹೆದರಿಕೆಯಾಗುತ್ತಿತ್ತು. ಆದರೆ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಹೇಳಬೇಕಾದರೆ ಅದನ್ನು ಬಿಟ್ಟು ಹೇಳುವಂತಿಲ್ಲ.

ನಾನು ತೀರ್ಥಹಳ್ಳಿಯವನು. ನಮ್ಮೂರಿಗೆ ರೈಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನವರೆಗೆ ನಾನು ರೈಲನ್ನು ಹತ್ತಿರದಿಂದ ಕಂಡವನೂ ಅಲ್ಲ. ಅರವತ್ತರ ದಶಕದಲ್ಲಿ ಸಾಗರದ ದಾರಿಯ ಒಂದು ಸ್ಟೇಷನ್ನಿಗೆ ನನ್ನನ್ನು ಹಾಕಿದರು. ಸ್ಟೇಷನ್ನಿನ ಹೆಸರು ಹೇಳುವುದಿಲ್ಲ, ಅದರದ್ದೇನೂ ತಪ್ಪಿಲ್ಲ.

ಮೊದಲ ದಿನ ಅಲ್ಲಿ ಇಳಿದಾಗ ನನಗೆ ಆದದ್ದು ಬೆರಗಲ್ಲ, ಭಯ. ಸುತ್ತ ಕಾಡು, ಮಣ್ಣಿನ ರಸ್ತೆ, ಎರಡು ಅಂಗಡಿ. ಅದರ ನಡುವೆ ಈ ಕಟ್ಟಡ. ಕಪ್ಪು ಕಲ್ಲಿನ ದಪ್ಪ ಗೋಡೆ, ಮೊನಚಾದ ಕಮಾನಿನ ಕಿಟಕಿಗಳು, ಪ್ಲಾಟ್‌ಫಾರಂ ಉದ್ದಕ್ಕೂ ತಗಡಿನ ಮಾಡು. ಆ ಮಾಡನ್ನು ಹೊತ್ತು ನಿಂತ ಎಂಟು ಎರಕದ ಕಬ್ಬಿಣದ ಕಂಬಗಳು. ಒಂದೊಂದರ ತಲೆಯಲ್ಲೂ ಎಲೆ ಬಳ್ಳಿಗಳ ಚಿತ್ತಾರ. ಮಾಡಿನ ಅಂಚಿಗೆ ಜಾಲರಿಯಂತೆ ಕೊರೆದ ಮರದ ಹಲಗೆ. ಸಾಗರದ ಕಡೆ ರೈಲು ಬಂದದ್ದು ಎಷ್ಟೋ ತಡವಾಗಿ. ಆದರೆ ಈ ಕಂಬ, ದೂಲ, ಜಾಲರಿ ಎಲ್ಲ ವಿಕ್ಟೋರಿಯಾ ರಾಣಿಯ ಕಾಲದವು. ಬಯಲುಸೀಮೆಯ ಯಾವುದೋ ದೊಡ್ಡ ಸ್ಟೇಷನ್ನನ್ನು ಬಿಚ್ಚಿದಾಗ ಕಂಬಗಳನ್ನು ಗೂಡ್ಸ್ ಗಾಡಿಯಲ್ಲಿ ತಂದು ಇಲ್ಲಿ ನಿಲ್ಲಿಸಿದ್ದರಂತೆ. ಇಷ್ಟು ಭಾರದ್ದು ಇಷ್ಟು ತೆಳ್ಳಗಿನ ಕಂಬಗಳ ಮೇಲೆ ಹೇಗೆ ನಿಂತಿದೆ ಎಂದು ನಾನು ಬಾಯಿಬಿಟ್ಟುಕೊಂಡು ನೋಡಿದೆ.

ನನ್ನ ಮೇಲಧಿಕಾರಿ ಶೇಷಾದ್ರಿಗಳು. ಮೈಸೂರಿನ ಕಡೆಯವರು, ಇನ್ಸ್‌ಪೆಕ್ಟರ್. ಶಿವಮೊಗ್ಗದಿಂದ ಹಳಿಯ ಮೇಲೆ ಆಳುಗಳು ತಳ್ಳುವ ಟ್ರಾಲಿಯಲ್ಲಿ ಕೊಡೆ ಬಿಡಿಸಿಕೊಂಡು ಕೂತು ಬರುತ್ತಿದ್ದರು. ಬೈಯುವವರಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ನನ್ನ ಕಾಗದದ ಮೇಲೆ ಒಂದು ಗೆರೆ ಎಳೆಯುವರು, ಅಷ್ಟೆ. ನನ್ನದು ಇನ್ನೂ ಟೆಂಪರರಿ ಕೆಲಸ. ಆ ಗೆರೆ ಎಳೆದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ ಕಂಬ ಬಡಿಯುವುದು. ಸಣ್ಣ ಸುತ್ತಿಗೆಯಿಂದ ಎರಕದ ಕಂಬವನ್ನು ತಟ್ಟಬೇಕು. ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಟಣ್ ಎನ್ನುತ್ತದೆ. ಬಿರುಕಿದ್ದರೆ ಒಡಕು ದನಿ. "ಕಣ್ಣಿಗೆ ಕಾಣಿಸೋದನ್ನ ನಂಬಬೇಡಿ, ಕಿವಿ ನಂಬಿ," ಎಂದರು. ಎಂಟೂ ಕಂಬ ಚೆನ್ನಾಗಿ ನುಡಿದವು.

ನನ್ನ ಮೊದಲ ತಪ್ಪು ಮರದ ಜಾಲರಿಯದು. ಹಳೆಯ ಹಲಗೆ ಕೆಲವು ಕಡೆ ಮುರಿದಿತ್ತು. ಪ್ರತಿ ಹಲಗೆಯ ಕೆಳತುದಿಯೂ ಈಟಿಯಂತೆ ಚೂಪಾಗಿತ್ತು. ಅಂದಕ್ಕೆ ಮಾಡಿದ್ದಾರೆ, ರಾಣಿ ಹೋದಳು, ಅಂದ ಯಾರಿಗೆ ಬೇಕು ಎಂದುಕೊಂಡೆ. ಹೊಸ ಹಲಗೆಗಳನ್ನು ನೆಟ್ಟಗೆ, ಚಪ್ಪಟೆಯಾಗಿ ಕೊಯ್ಯಿಸಿ ಹೊಡೆಸಿದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅವೆಲ್ಲ ಬುಡದಿಂದ ಕೊಳೆತು ಹೋದವು. ಪಕ್ಕದ ಹಳೆಯವು ಹಾಗೇ ಇದ್ದವು. ನೀರು ಆ ಚೂಪಿನ ತುದಿಗೆ ಹರಿದು ತೊಟ್ಟಿಕ್ಕಿ ಬಿದ್ದು ಹೋಗಲಿ, ಹಲಗೆಯ ಅಂಚಿನಲ್ಲಿ ನಿಲ್ಲದಿರಲಿ ಎಂದು ಹಾಗೆ ಕೊರೆದಿದ್ದರು. ಶೇಷಾದ್ರಿಗಳು ಕೊಳೆತ ಹಲಗೆಯ ಒಂದು ಚೂರನ್ನು ಬೆರಳಲ್ಲಿ ಹಿಸುಕಿ ಪುಡಿ ಮಾಡಿ ನನ್ನ ಅಂಗೈಗೆ ಹಾಕಿದರು. ಕೆಂಪು ಗೆರೆ ಬಿತ್ತು.

"ಇನ್ನೊಂದು ಸಲ ಹೀಗಾದರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡಬೇಕಾಗತ್ತೆ," ಎಂದು ತಣ್ಣಗೆ ಹೇಳಿ ಟ್ರಾಲಿ ಹತ್ತಿದರು.

ಅಲ್ಲಿಂದ ಮುಂದೆ ಅವರ ಟ್ರಾಲಿಯ ಚಕ್ರದ ಸದ್ದು ದೂರದಿಂದ ಕೇಳಿದರೂ ಸಾಕು, ಮಾಡಿಸಿದ ಕೆಲಸವನ್ನೆಲ್ಲ ಮತ್ತೊಮ್ಮೆ ಓಡಿ ನೋಡಿ ಬರುತ್ತಿದ್ದೆ.

ಎರಡನೆಯ ತಪ್ಪು ಮಾಡಿದ್ದು ಮರುವರ್ಷದ ಬೇಸಿಗೆಯಲ್ಲಿ. ಪ್ಲಾಟ್‌ಫಾರಂಗೆ ಆಗ ಕಲ್ಲಿನ ಚಪ್ಪಡಿ ಹಾಸಿತ್ತು. ಅದನ್ನು ತೆಗೆದು ಸಿಮೆಂಟು ಮಾಡಬೇಕೆಂದು ಆಜ್ಞೆ ಬಂತು. ನಮ್ಮ ಕಡೆ ಅಲ್ಲಿಯವರೆಗೆ ಎಲ್ಲ ಸುಣ್ಣದ ಗಾರೆಯೇ. ಸಿಮೆಂಟು ಎಂದರೆ ಹೊಸ ವಿದ್ಯೆ, ಅದು ಬಂದರೆ ಎಲ್ಲ ಗಟ್ಟಿ, ಎಲ್ಲ ಚೊಕ್ಕಟ ಎಂದು ನಾವೆಲ್ಲ ನಂಬಿದ್ದ ಕಾಲ. ಚಪ್ಪಡಿ ಎತ್ತಿದಾಗ ಪ್ರತಿ ಕಂಬದ ಬುಡದಲ್ಲೂ ಮುಷ್ಟಿ ಗಾತ್ರದ ಒಂದು ತೂತು ಕಂಡಿತು. ಅದರ ಮುಂದೆ ಕಲ್ಲಿನ ಸಣ್ಣ ಕಾಲುವೆ. ಒಂದು ತೂತಿನಿಂದ ನಾಗರಹಾವು ಹೊರಬಂದು, ಟಿಕೆಟ್ಟಿಗೆ ನಿಂತ ಜನ ಚೆಲ್ಲಾಪಿಲ್ಲಿಯಾದರು. ಸ್ಟೇಷನ್ ಮಾಸ್ತರರು ನನ್ನನ್ನು ಕರೆದು, "ನೋಡಿ ಮಿಸ್ತ್ರಿ, ನಾಳೆ ಯಾರಿಗಾದ್ರೂ ಕಚ್ಚಿದ್ರೆ ನನ್ನ ಕುತ್ತಿಗೆಗೆ ಬರ್ತದೆ. ಆ ಬಿಲ ಎಲ್ಲ ಮುಚ್ಚಿಬಿಡಿ," ಎಂದರು.

ನನ್ನ ಕೈಕೆಳಗೆ ಗಾರೆ ಕೆಲಸಕ್ಕಿದ್ದವನು ತಿಮ್ಮಪ್ಪ. ರಿಪ್ಪನ್‌ಪೇಟೆ ಹತ್ತಿರದವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಅವನು ತೂತಿನೊಳಗೆ ಕೈಹಾಕಿ ನೋಡಿ ಹೇಳಿದ:

"ಒಳಗೆ ಟೊಳ್ಳು ಐತಿ ಮಾರಾಯ್ರೆ. ಸುಮ್ನೆ ಯಾರೂ ತೂತು ಇಟ್ಟಿರಲ್ಲ. ಒಂದು ಮಾತು ಸಾಹೇಬ್ರನ್ನ ಕೇಳ್ಬಾರ್ದಾ?"

ಕೇಳಬಹುದಿತ್ತು. ಕೇಳಿದರೆ ನನಗೆ ತಿಳಿಯದೆಂದು ಅವರಿಗೆ ತಿಳಿಯುತ್ತಿತ್ತು. ಜಾಲರಿಯ ಗೆರೆ ಇನ್ನೂ ಹಸಿಯಾಗಿತ್ತು. "ಎರಕ ಹೊಯ್ಯುವಾಗ ಬಿಟ್ಟ ತೂತು ಅದು, ನಿಂಗೆ ಗೊತ್ತಾಗಲ್ಲ ಸುಮ್ನಿರು," ಎಂದುಬಿಟ್ಟೆ. ಎಂಟೂ ಕಂಬದ ಬುಡಕ್ಕೆ ಸಿಮೆಂಟು ಕಾಂಕ್ರೀಟು ತುಂಬಿ, ಮೇಲೆ ಬಳೆ ತೊಡಿಸಿದಂತೆ ದುಂಡಗೆ ಕಟ್ಟೆ ಕಟ್ಟಿಸಿದೆ. ಜನ ಕೂರುವುದಕ್ಕೂ ಅನುಕೂಲವಾಯಿತು. ಶೇಷಾದ್ರಿಗಳು ಬಂದು ನೋಡಿ ತಲೆಯಾಡಿಸಿದರು. ಕೆಂಪು ಪೆನ್ಸಿಲ್ ಜೇಬಿನಲ್ಲೇ ಇತ್ತು. ಅಷ್ಟು ಸಂತೋಷದ ದಿನ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ.

ಓದುವ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾದದ್ದು ಮಳೆ ಹಿಡಿದ ಮೇಲೆ.

ಒಂದು ಬೆಳಿಗ್ಗೆ ರೂಢಿಯಂತೆ ಸುತ್ತಿಗೆ ಹಿಡಿದು ಕಂಬ ತಟ್ಟುತ್ತಾ ಹೋದೆ. ನಾಲ್ಕನೆಯ ಕಂಬ ಟಣ್ ಎನ್ನಲಿಲ್ಲ. ದಪ್ ಎಂದಿತು. ತುಂಬಿದ ಕೊಡವನ್ನು ತಟ್ಟಿದ ಹಾಗೆ. ಸ್ವಲ್ಪ ಮೇಲೆ ತಟ್ಟಿದೆ, ಟಣ್. ಮತ್ತೆ ಕೆಳಗೆ, ದಪ್. ನನ್ನ ಮೊಣಕಾಲಿನ ಎತ್ತರದಲ್ಲಿ ದನಿ ಬದಲಾಗುತ್ತಿತ್ತು. ಐದನೆಯ ಕಂಬವೂ ಹಾಗೇ. ಆರನೆಯದೂ ಹಾಗೇ. ತಲೆ ಎತ್ತಿ ನೋಡಿದೆ. ಕಟ್ಟಡದ ಹೆಂಚಿನ ಮಾಡೂ ಪ್ಲಾಟ್‌ಫಾರಂ ಮಾಡೂ ಸೇರುವ ಜಾಗದಲ್ಲಿ, ಕಂಬಗಳ ತಲೆಯ ಮೇಲೆಯೇ, ಕಬ್ಬಿಣದ ಉದ್ದ ದೋಣಿ ಕೂರಿಸಿದ್ದರು. ಎರಡೂ ಮಾಡಿನ ನೀರು ಬಂದು ಅದಕ್ಕೆ ಬೀಳುತ್ತಿತ್ತು. ದೋಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಬೇರೆ ಕೊಳವೆ ಇಲ್ಲವಲ್ಲ ಎಂದೂ ಅನ್ನಿಸಿರಲಿಲ್ಲ. ಕಂಬವೇ ಕೊಳವೆ. ಅದರ ಹೊಟ್ಟೆಯೊಳಗಿಂದ ನೀರು ಇಳಿದು, ಬುಡದ ತೂತಿನಿಂದ ಕಾಲುವೆ ಸೇರಬೇಕಿತ್ತು. ಆ ತೂತುಗಳನ್ನು ನಾನು ಮುಚ್ಚಿದ್ದೆ.

ಆ ಹೊತ್ತೇ ಶಿವಮೊಗ್ಗಕ್ಕೆ ಆಳು ಕಳಿಸಿ ಶೇಷಾದ್ರಿಗಳಿಗೆ ಹೇಳಬೇಕಿತ್ತು. ಅಥವಾ ಯಾರಿಗೂ ಹೇಳದೆ ಹಾರೆ ತಗೊಂಡು ಎಂಟೂ ಕಟ್ಟೆ ಒಡೆಯಬೇಕಿತ್ತು. ಎರಡೂ ಮಾಡಲಿಲ್ಲ. ಒಡೆದರೆ ಯಾಕೆ ಒಡೆದೆ ಎಂದು ಕೇಳುತ್ತಾರೆ. ಹೇಳಿದರೆ ಕೆಲಸ ಹೋಗುತ್ತದೆ. ಊರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ಮದುವೆಗೆ ಬಂದ ತಂಗಿಯರಿಬ್ಬರಿದ್ದರು. ಆ ಲೆಕ್ಕಾಚಾರವನ್ನೆಲ್ಲ ನಾನು ನೆಪ ಎಂದು ಹೇಳುತ್ತಿಲ್ಲ. ತಲೆಯಲ್ಲಿ ಓಡಿದ್ದನ್ನು ಹೇಳುತ್ತಿದ್ದೇನೆ. ಸಿಮೆಂಟು ಒಳಗಡೆ ಪೂರ್ತಿ ಕೂತಿರಲಿಲ್ಲ, ಅಡಿಯಿಂದ ನೀರು ಸ್ವಲ್ಪ ಒಸರಿ ಹೋಗುತ್ತಿತ್ತು. ಮಳೆ ಬಿಡುವು ಕೊಟ್ಟು ಹೊಳವಾದ ದಿನ ನೀರು ಇಳಿಯುತ್ತಿತ್ತು. ಇನ್ನೊಂದು ವಾರ ಹೊಳವಾದರೆ ಸಾಕು, ಏನಾದರೂ ನೆಪ ಹೂಡಿ ಒಡೆಸಿಬಿಡುತ್ತೇನೆ ಎಂದುಕೊಂಡು ದಿನ ದೂಡಿದೆ.

ದಿನಾ ಬೆಳಿಗ್ಗೆ ತಟ್ಟಿ ನೋಡುವೆ. ಮೊಣಕಾಲು. ಮಾರನೆಯ ದಿನ ತೊಡೆ. ಹೊಳವಾದರೆ ಮತ್ತೆ ಮೊಣಕಾಲು. ಪುನರ್ವಸು ಮಳೆ ಬಿಡದೆ ಹೊಡೆಯತೊಡಗಿದ ಮೇಲೆ ಸೊಂಟ, ಎದೆ. ಮೇಲಿನಿಂದ ಎಲೆ, ಪಾಚಿ ಬಂದು ಒಸರುವ ಸಂದೂ ಮುಚ್ಚುತ್ತಾ ಬಂದಿತ್ತು. ಒಂದು ದಿನ ನನ್ನ ಕೈ ಎಟಕುವಷ್ಟು ಎತ್ತರದಲ್ಲಿ ತಟ್ಟಿದರೂ ದಪ್. ಆಮೇಲೆ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಕೇಳಿಸಿಕೊಳ್ಳುವ ಧೈರ್ಯ ಮುಗಿದಿತ್ತು.

ಸಾಗರದ ಗಾಡಿಗೆ ಕಾಯುತ್ತಿದ್ದ ತೋಟದ ಹೆಗಡೆಯವರೊಬ್ಬರು ಕಂಬಕ್ಕೆ ಬೆನ್ನು ಕೊಟ್ಟು ಕೂತವರು ತಟ್ಟನೆ ತಿರುಗಿ ಅದನ್ನು ಮುಟ್ಟಿ, ಹೆಂಡತಿಗೆ "ಎಂತದೋ ಇದ್ದು ಈ ಕಂಬದೊಳಗೆ, ತಣ್ಣಗೆ ಕೊರಿತಾ ಇದ್ದು," ಎಂದರು. "ಮಳೆಗಾಲ ಅಲ್ವಾ ಹೆಗಡೇರೆ, ಕಬ್ಬಿಣ ತಣ್ಣಗಿರ್ತದೆ," ಎಂದು ಹಲ್ಲು ಕಿರಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹೆಂಡತಿಯನ್ನು ಎಬ್ಬಿಸಿಕೊಂಡು ಬೇರೆ ಕಡೆ ಹೋಗಿ ಕೂತರು.

ಹೀಗೆ ಇಪ್ಪತ್ತು ದಿನ ಕಳೆದೆ. ಇಪ್ಪತ್ತೊಂದನೆಯ ದಿನ ಮುಳುಗಡೆಯವರು ಬಂದರು.

ಶರಾವತಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ಏರುತ್ತಿದ್ದ ವರ್ಷಗಳವು. ಹೊಸನಗರ, ಸಾಗರದ ಕಡೆಯ ಎಷ್ಟೋ ಊರುಗಳವರು ಮನೆ ಗದ್ದೆ ಬಿಟ್ಟು ಏಳುತ್ತಿದ್ದರು. ಅವತ್ತು ಬೆಳಿಗ್ಗೆ ಒಂದು ಲಾರಿ ನಲವತ್ತು ಜನರನ್ನು ನಮ್ಮ ಸ್ಟೇಷನ್ನಿಗೆ ತಂದು ಇಳಿಸಿತು. ಶಿವಮೊಗ್ಗದ ಕಡೆ ಹೋಗಬೇಕಿತ್ತು. ಹಳಿಯ ಮೇಲೆ ಮರ ಬಿದ್ದು ಗಾಡಿ ಸಂಜೆಯವರೆಗೆ ಬರುವ ಹಾಗಿರಲಿಲ್ಲ. ನೇಗಿಲು, ಕೋಳಿ ಬುಟ್ಟಿ, ಬೀಸುಕಲ್ಲು, ಕಳಚಿ ತಂದ ಬಾಗಿಲು, ಎಲ್ಲ ಹೊತ್ತು ತಂದಿದ್ದರು. ಮಳೆ ಬೀಳದ ಜಾಗವೆಂದು ನಡುವಿನ ಕಂಬಗಳ ಕಟ್ಟೆಯ ಸುತ್ತ ಕೂತರು. ಅವರ ಪೈಕಿ ದೊಡ್ಡವಳು ಚೌಡಮ್ಮ ಎಂಬ ಹೆಂಗಸು. ಅರವತ್ತು ದಾಟಿರಬೇಕು. ಐದನೆಯ ಕಂಬದ ಬುಡದಲ್ಲಿ ಕಂಬಳಿ ಹಾಸಿ, ಹುಟ್ಟಿ ತಿಂಗಳೂ ತುಂಬದ ಮೊಮ್ಮಗುವನ್ನು ಮಲಗಿಸಿ, ಬಾಣಂತಿ ಸೊಸೆಯನ್ನು ಪಕ್ಕದಲ್ಲಿ ಕೂರಿಸಿದ್ದಳು.

ಮಧ್ಯಾಹ್ನ ಹೊತ್ತಿಗೆ ಮಳೆ ಎಷ್ಟು ಜೋರಾಯಿತೆಂದರೆ ಎದುರಿನ ಸಿಗ್ನಲ್ ಕಾಣಲಿಲ್ಲ. ನಾನು ಪ್ಲಾಟ್‌ಫಾರಮಿನ ತುದಿಗೆ ಹೋಗಿ ಒಂದು ಕಣ್ಣು ಮುಚ್ಚಿ ಮಾಡಿನ ಅಂಚನ್ನು ನೋಡಿದೆ. ನೂಲು ಹಿಡಿದಂತೆ ನೇರವಾಗಿದ್ದ ಅಂಚು ನಡುವಿನಲ್ಲಿ ಜಗ್ಗಿತ್ತು. ಕಂಬಗಳು ತುಂಬಿ, ನೀರು ಕೆಳಗಿಳಿಯಲು ದಾರಿಯಿಲ್ಲದೆ, ಮೇಲಿನ ದೋಣಿಯೇ ತುಂಬಿ ನಿಂತಿತ್ತು. ಐದನೆಯ ಕಂಬದ ತಲೆಯ ಹತ್ತಿರ ಬೋಲ್ಟಿನ ಬುಡದಿಂದ ಕೆಂಪು ನೀರು ಇಳಿಯುತ್ತಿತ್ತು. ನೋಡುತ್ತಿದ್ದಂತೆ ಒಂದು ಹನಿ ಕಂಬಳಿಯ ಮೇಲೆ ಬಿತ್ತು. ಚೌಡಮ್ಮ ಮಗುವನ್ನು ಇತ್ತ ಎಳೆದುಕೊಂಡು, ಆ ಜಾಗಕ್ಕೆ ಒಂದು ಮಡಕೆ ಇಟ್ಟಳು.

ಓಡಿದೆ.

"ಏಳಿ, ಏಳಿ ಎಲ್ಲ. ಗೂಡ್ಸ್ ಶೆಡ್ಡಿಗೆ ಹೋಗಿ. ಇಲ್ಲಿ ಪ್ಲಾಟ್‌ಫಾರಂ ತೊಳೀಬೇಕು."

ಚೌಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಮಳೇಲಿ ತೊಳೆಯಾದಾ? ಇನ್ನೆಂಥ ತೊಳೀತೀರಿ ಮಾರಾಯ್ರೆ?"

ಕೆಲವರು ನಕ್ಕರು. ಯಾರೂ ಏಳಲಿಲ್ಲ. ನಾನು ದನಿ ಏರಿಸಿದೆ. "ಮೇಲಿನವರ ಆರ್ಡರ್ ಆಗಿದೆ. ಎದ್ದುಬಿಡಿ."

ಅದು ಇನ್ನೂ ಕೆಟ್ಟ ಮಾತಾಯಿತು. ಚೌಡಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಳು.

"ಆರ್ಡರು ಅಂತ ಮನೆ ಬಿಟ್ಟು ಏಳಿ ಅಂದ್ರು, ಎದ್ವಿ. ಗದ್ದೆ ಬಿಟ್ಟು ಏಳಿ ಅಂದ್ರು, ಎದ್ವಿ. ಇಲ್ಲಿ ಇರಿ ಅಂತ ಒಂದು ಜಾಗ ತೋರ್ಸಿದ್ರು, ನಾಕು ದಿನ ಆಗಿಲ್ಲ, ಅಲ್ಲಿಗೂ ನೀರು ಬತ್ತದೆ ಏಳಿ ಅಂದ್ರು. ಈ ಕಂಬದ ಬುಡದಿಂದ್ಲೂ ಏಳ್ಬೇಕಾ? ರೈಲು ಬರೋತನಕ ನಾನು ಏಳಾದಿಲ್ಲ. ಪೊಲೀಸ್ರನ್ನ ಕರೀರಿ."

ಮೇಲೆ ಎಲ್ಲೋ ಕಬ್ಬಿಣ ಕಿರ್ರೆಂದಿತು. ಬೇರೆ ಯಾರಿಗೂ ಅದು ಕೇಳಿಸಲಿಲ್ಲ, ಕೇಳಿಸಿದರೂ ಅರ್ಥವಾಗಲಿಲ್ಲ. ಸುಳ್ಳು ಇನ್ನು ಎರಡು ನಿಮಿಷವೂ ನಡೆಯುವಂತಿರಲಿಲ್ಲ. ಆಕೆಯ ಎದುರು ನೆಲದ ಮೇಲೆ ಕೂತುಬಿಟ್ಟೆ.

"ಅಮ್ಮಾ, ಈ ಕಂಬದ ಹೊಟ್ಟೆ ತುಂಬ ನೀರಿದೆ. ಮೇಲಿನ ದೋಣೀಲೂ ನೀರು ನಿಂತಿದೆ. ನೀರು ಹೋಗೋ ತೂತನ್ನ ಮುಚ್ಚಿಸಿದ್ದು ನಾನು. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ, ಹೆದರಿಕೊಂಡೆ. ತಪ್ಪು ನಂದು. ಇದು ಬೀಳ್ತದಮ್ಮ. ಮಗು ಎತ್ಕೊಳ್ಳಿ."

ಆಕೆ ಕಂಬದ ಮೇಲೆ ಅಂಗೈ ಇಟ್ಟಳು. ಆಮೇಲೆ ಮಗುವನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು ಎದ್ದು ನಿಂತಳು.

"ಏಳ್ರೋ ಎಲ್ಲ," ಎಂದು ಕೂಗಿದಳು. "ಸಾಮಾನು ಬಿಡಿ, ಮಕ್ಕಳನ್ನ ಎತ್ಕೊಳ್ಳಿ. ಇವ್ರು ಸುಳ್ಳು ಹೇಳ್ತಾ ಇಲ್ಲ."

ನಲವತ್ತು ಜನ ಐದು ನಿಮಿಷದಲ್ಲಿ ಗೂಡ್ಸ್ ಶೆಡ್ಡಿನಲ್ಲಿದ್ದರು. ಏಳುವುದರಲ್ಲಿ ಅವರಿಗೆ ಅಭ್ಯಾಸವಾಗಿತ್ತು.

ತಿಮ್ಮಪ್ಪ ಹೇಳದೆಯೇ ಎರಡು ಹಾರೆ ತಂದು ನಿಂತಿದ್ದ. ಮಾಡಿನ ಕೆಳಗೆ ಹೋಗಲು ನನ್ನ ಕಾಲು ಬರಲಿಲ್ಲ, ನಿಜ ಹೇಳುತ್ತೇನೆ. ಅವನು ಮುಂದೆ ಹೋದ, ನಾನು ಹಿಂದೆ ಹೋದೆ. ತುದಿಯ ಕಂಬದಿಂದ ಶುರು ಮಾಡಿದೆವು. ಕಟ್ಟೆ ಒಡೆದು ತೂತಿನ ಸಿಮೆಂಟಿಗೆ ಹಾರೆ ತಿವಿದಾಗ ನೀರು ಚಿಮ್ಮಿದ ರಭಸಕ್ಕೆ ತಿಮ್ಮಪ್ಪ ಹಿಂದಕ್ಕೆ ಬಿದ್ದ. ಕಪ್ಪು ನೀರು, ಕೊಳೆತ ಎಲೆ, ಸತ್ತ ಕಪ್ಪೆಗಳು. ಎರಡನೆಯ ಕಂಬ ತೆರೆದೆವು. ಮೂರನೆಯದಕ್ಕೆ ಹಾರೆ ಹಾಕುವಾಗ ಅವನು ನನ್ನ ರಟ್ಟೆ ಹಿಡಿದು "ಬನ್ನಿ!" ಎಂದು ಎಳೆದ. ಇಬ್ಬರೂ ಹಳಿಯ ಕಡೆ ಹಾರಿದೆವು. ಐದನೆಯ, ಆರನೆಯ ಕಂಬಗಳ ನಡುವಿನ ದೋಣಿ ಬೋಲ್ಟು ಕಿತ್ತುಕೊಂಡು ನೀರಿನ ಸಮೇತ ಕೆಳಗೆ ಬಂತು. ತಗಡು, ಜಾಲರಿ, ಹೆಂಚು ಎಲ್ಲ ಅದರ ಹಿಂದೆ ಬಂದವು. ಸದ್ದು ನಿಂತ ಮೇಲೆ ನೋಡಿದರೆ ಕಂಬಳಿ ಹಾಸಿದ್ದ ಜಾಗದಲ್ಲಿ ಎದೆಯೆತ್ತರ ರಾಶಿ ಬಿದ್ದಿತ್ತು.

ಯಾರಿಗೂ ಒಂದು ಗೀರು ಗಾಯವಾಗಲಿಲ್ಲ.

ಸಂಜೆ ಗಾಡಿ ಬಂತು. ಎಲ್ಲರೂ ಹತ್ತಿದರು. ಚೌಡಮ್ಮ ಕೊನೆಗೆ ಹತ್ತಿದಳು. ನಾನು ಅವಳ ಬೀಸುಕಲ್ಲನ್ನು ಒಳಗೆ ಎತ್ತಿಟ್ಟು ಇಳಿಯುವಾಗ ಕಿಟಕಿಯಿಂದ ಕರೆದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ.

"ಎರಡು ವರ್ಷದಿಂದ ನಮ್ಮನ್ನ ಎಬ್ಬಿಸ್ದೋರೆಲ್ಲ ದೊಡ್ಡ ದೊಡ್ಡ ಮಾತು ಹೇಳಿ ಎಬ್ಬಿಸಿದ್ರು," ಎಂದಳು. "ತಪ್ಪು ನಂದು ಅಂತ ಹೇಳಿ ಎಬ್ಬಿಸ್ದೋರು ನೀವೊಬ್ರೇ. ಒಳ್ಳೇದಾಗ್ಲಿ."

ಗಾಡಿ ಹೊರಟಿತು. ನಾನು ಅತ್ತೆ. ಸ್ಟೇಷನ್ ಮಾಸ್ತರರು ನಾನು ಹೆದರಿದ್ದೇನೆಂದುಕೊಂಡು ಕಾಫಿ ತರಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಶೇಷಾದ್ರಿಗಳು ಬಂದರು. ಒಂದು ಗಂಟೆ ಒಬ್ಬರೇ ಓಡಾಡಿದರು. ಒಡೆದ ಎರಡು ಕಟ್ಟೆಗಳ ಹತ್ತಿರ ಬಗ್ಗಿ, ತೂತಿನೊಳಗೆ ಕೊಡೆಯ ತುದಿ ಹಾಕಿ ನೋಡಿದರು. ಮುಚ್ಚಿದ ಆರರ ಹತ್ತಿರವೂ ನಿಂತರು. ನೋಡಿದ ಮೇಲೆ ಅವರಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ನಾನು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಒಳಗೆ ಕರೆದುಕೊಂಡು ಹೋಗಿ ಮೇಜಿನ ಮೇಲೆ ಒಂದು ಹಾಳೆ ಇಟ್ಟು, ತಮ್ಮದೇ ಪೆನ್ನು ಕೊಟ್ಟರು.

"ಬಾಯಲ್ಲಿ ಬೇಡ. ಕಾರಣ ಏನು ಅಂತ ನೀವೇ ಬರೀರಿ. ನೀವು ಏನು ಬರೀತೀರೋ ಅದಕ್ಕೆ ನಾನು ಸಹಿ ಹಾಕ್ತೀನಿ."

ಹೀಗೆ ಹೇಳಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಅರ್ಧ ಗಂಟೆ ಒಳಗೆ ಬರಲಿಲ್ಲ. ಯಾರೂ ನನ್ನನ್ನು ಗದರಿಸಲಿಲ್ಲ, ಯಾರೂ ಕಿವಿಯಲ್ಲಿ ಹೇಳಿಕೊಡಲಿಲ್ಲ. ನಿನ್ನೆ ನೆಲದ ಮೇಲೆ ಕೂತು ಒಬ್ಬ ಮುದುಕಿಗೆ ಹೇಳಿದ ನಾಲ್ಕು ಮಾತನ್ನೇ ಬರೆದರೆ ಸಾಕಿತ್ತು. ನಾನು ಬರೆದದ್ದು ಇಷ್ಟು: ಕಂಬಗಳು ಬಹಳ ಹಳೆಯವು, ಒಳಗೆ ತುಕ್ಕು ಹಿಡಿದಿವೆ, ಬಯಲುಸೀಮೆಗೆಂದು ಮಾಡಿದ ಇವು ಇಲ್ಲಿನ ಮಳೆಯನ್ನು ತಡೆಯುವ ಶಕ್ತಿಯುಳ್ಳವಲ್ಲ.

ಶೇಷಾದ್ರಿಗಳು ಓದಿದರು. ಕೆಂಪು ಪೆನ್ಸಿಲ್ ತೆಗೆಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಹೇಳಿದ ಹಾಗೆ ಸಹಿ ಹಾಕಿದರು. ಅದಾದ ಮೇಲೆ ಅವರು ನನಗೆ ಯಾವ ಪಾಠವನ್ನೂ ಹೇಳಿಕೊಡಲಿಲ್ಲ.

ಬೇಸಿಗೆಯಲ್ಲಿ ಎಂಟೂ ಕಂಬಗಳನ್ನು ಇಳಿಸಲು ಆಜ್ಞೆ ಬಂತು. ಆ ಜಾಗದಲ್ಲಿ ಹಳೆಯ ಹಳಿಯ ತುಂಡುಗಳನ್ನು ನಿಲ್ಲಿಸಿ ಕಲ್ನಾರಿನ ಶೀಟು ಹೊದಿಸಿದೆವು. ಕಂಬಗಳನ್ನು ಗುಜರಿಗೆ ಹಾಕಲು ದೊಡ್ಡ ಸುತ್ತಿಗೆಯಿಂದ ಒಡೆಯಬೇಕಿತ್ತು. ಎರಡು ದಿನ ಹೊಡೆದರೂ ಮೊದಲನೆಯದು ಒಡೆಯಲಿಲ್ಲ. ಒಡೆದಾಗ ತಿಮ್ಮಪ್ಪ ಒಂದು ಚೂರನ್ನು ತಂದು ನನ್ನ ಮುಂದೆ ಹಿಡಿದ. ಬೆರಳಿನಷ್ಟು ದಪ್ಪ, ಒಳಗೆ ಬೆಳ್ಳಗೆ ಹೊಳೆಯುವ ಕಬ್ಬಿಣ. ತುಕ್ಕು ಉಗುರಿನಷ್ಟೂ ಒಳಗೆ ಇಳಿದಿರಲಿಲ್ಲ.

"ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ತಿತ್ತು ಮಾರಾಯ್ರೆ," ಎಂದ.

ಜನರನ್ನು ಸಮಯಕ್ಕೆ ಸರಿಯಾಗಿ ತೆರವು ಮಾಡಿಸಿದ್ದಕ್ಕೆ ನನಗೆ ಮೆಚ್ಚುಗೆಯ ಪತ್ರ ಬಂತು. ಆ ವರ್ಷವೇ ಕೆಲಸವೂ ಖಾಯಂ ಆಯಿತು. ತಂಗಿಯರ ಮದುವೆಯಾಯಿತು. ಆಮೇಲೆ ನಾನು ಎಷ್ಟೋ ಕಡೆ ಎಷ್ಟೋ ಕಟ್ಟಡ ಕಟ್ಟಿಸಿದೆ, ಎಲ್ಲದರ ನೀರಿನ ದಾರಿಯನ್ನೂ ಮೂರು ಮೂರು ಸಲ ನೋಡಿದೆ. ನನ್ನನ್ನು ಬಹಳ ಜಾಗ್ರತೆಯ ಮನುಷ್ಯ ಎನ್ನುತ್ತಿದ್ದರು.

ಶೇಷಾದ್ರಿಗಳೂ ಇಲ್ಲ, ತಿಮ್ಮಪ್ಪನೂ ಇಲ್ಲ. ಚೌಡಮ್ಮ ಯಾವ ಊರಿಗೆ ಹೋಗಿ ನೆಲೆಯಾದಳೋ ನಾನು ವಿಚಾರಿಸಲಿಲ್ಲ. ಮುಖ ತೋರಿಸಲು ಹೆದರಿಕೆಯಾಗಿತ್ತು. ಕೆಲಸಕ್ಕೆ ಸೇರುವ ಮಕ್ಕಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅವತ್ತು ಆ ಹಾಳೆಯ ಮೇಲೆ ಬರೆಯಬೇಕಾಗಿದ್ದುದನ್ನು ಮಾತ್ರ ಈಗ ಬರೆದು, ಕೆಳಗೆ ನಾನೊಬ್ಬನೇ ಸಹಿ ಹಾಕುತ್ತೇನೆ.

ಕಾರಣ: ಕಂಬಗಳಲ್ಲಿ ಯಾವ ದೋಷವೂ ಇರಲಿಲ್ಲ. ನೀರು ಹೋಗುವ ದಾರಿಯನ್ನು ನಾನು ಮುಚ್ಚಿಸಿದೆ. ಗೊತ್ತಾದ ಮೇಲೂ ಇಪ್ಪತ್ತು ದಿನ ಸುಮ್ಮನಿದ್ದೆ.